ಬಟ್ಟೆಗಂಬದ ನೀಹಾರಿಕೆ

ಮೆರಿಗಲ್ ಊರಿನಲ್ಲಿ ನೆಟ್ಟಗೆ ನಿಂತದ್ದು ಅಂತ ಏನೂ ಇಲ್ಲ. ಕರಿಮಣ್ಣಿನ ಬಯಲು. ಮಳೆ ಬಿದ್ದರೆ ಊದಿಕೊಳ್ಳುತ್ತದೆ, ಬಿಸಿಲಿಗೆ ಕೈ ತೂರಿಸುವಷ್ಟು ಬಾಯಿ ಬಿಡುತ್ತದೆ. ಬೇಲಿಗಳೆಲ್ಲ ಪಬ್ಬಿನಿಂದ ಮನೆಗೆ ಹೊರಟವರ ಹಾಗೆ ಒಂದರ ಹೆಗಲಿಗೊಂದು ಒರಗಿವೆ. ಇಂಥ ಊರಿನಲ್ಲಿ ಅಲುಗದೆ ನಿಂತಿದ್ದ ಒಂದೇ ವಸ್ತುವೆಂದರೆ ಪ್ರಾಸರ್ ಮನೆಯ ಹಿತ್ತಲಿನ ಬಟ್ಟೆಗಂಬ. ನಡುವೆ ದಪ್ಪ ಕಬ್ಬಿಣದ ಕಂಬ. ನೆತ್ತಿಯ ಮೇಲೆ ಬಟ್ಟೆ ಕಿತ್ತ ಕೊಡೆಯ ಹಾಗೆ ಚಾಚಿದ ನಾಲ್ಕು ತೋಳು. ತೋಳಿಂದ ತೋಳಿಗೆ ತಂತಿ. ಗಾಳಿ ಬಂದರೆ ಹಾಕಿದ ಬಟ್ಟೆಯ ಸಮೇತ ಗಿರಗಿರನೆ ತಿರುಗುತ್ತದೆ. ಕೀತ್ ಪ್ರಾಸರ್ ಮದುವೆಯಾದ ವರ್ಷ ತನ್ನ ಕೈಯಾರೆ ಕಾಂಕ್ರೀಟು ಸುರಿದು ನಿಲ್ಲಿಸಿದ್ದು. ಕೀತ್ ಹೋಗಿ ಎಷ್ಟೋ ಕಾಲವಾಯಿತು, ಕಂಬ ಮಾತ್ರ ಕೂದಲೆಳೆಯಷ್ಟೂ ವಾಲಲಿಲ್ಲ.

ಆ ಕಂಬದ ಮೇಲೆ ಸೊಸೆ ಲಿಯೋನಿಯ ಕಣ್ಣು ಬಿತ್ತು.

ಲಿಯೋನಿ ಶಾಲೆಯ ಬಸ್ಸು ಓಡಿಸುವವಳು. ಬೆಳಿಗ್ಗೆ ಎದ್ದು ಹೊಲಮನೆಗಳ ಮಕ್ಕಳನ್ನು ತುಂಬಿಕೊಂಡು ಹೋಗುವುದು, ಮಧ್ಯಾಹ್ನ ಮತ್ತೆ ಹಂಚಿಕೊಂಡು ಬರುವುದು, ಬಸ್ಸನ್ನು ಮನೆಯ ಹಿಂದಿನ ಓಣಿಯಲ್ಲಿ ನಿಲ್ಲಿಸಿ ಒಲೆ ಹಚ್ಚುವುದು. ಬೇರೆಯವರ ಮಕ್ಕಳು, ಬೇರೆಯವರ ಹೊಟ್ಟೆ. ತನ್ನದು ಅಂತ ಅವಳಿಗಿದ್ದದ್ದು ಒಂದು ದುರ್ಬೀನು. ಗಿಡ್ಡಗೆ ಹಾಲಿನ ಕ್ಯಾನಿನ ಹಾಗಿತ್ತು. ನಿವೃತ್ತ ಪಶುವೈದ್ಯನೊಬ್ಬ ಕಣ್ಣು ಮಂಜಾಯಿತೆಂದು ಮಾರಿದ್ದು. ಅದಕ್ಕೆ ಕ್ಯಾಮೆರಾ ಕಟ್ಟಿ ಅವಳು ಹಿಡಿಯಹೊರಟದ್ದು ಹಾಯಿ ಎಂಬ ನಕ್ಷತ್ರಪುಂಜದೊಳಗಿನ ಒಂದು ನೀಹಾರಿಕೆ. ಯಾವ ಕಾಲದಲ್ಲೋ ಒಂದು ನಕ್ಷತ್ರ ಸಿಡಿದು, ಅದರ ಎಳೆಗಳು ಇವತ್ತಿಗೂ ಆಕಾಶದಲ್ಲಿ ಹರಡುತ್ತಲೇ ಇವೆ. ಕಣ್ಣಿಗೆ ಏನೇನೂ ಕಾಣುವುದಿಲ್ಲ. ಕ್ಯಾಮೆರಾ ಹತ್ತು ಹತ್ತು ನಿಮಿಷ ಕಣ್ಣು ಬಿಟ್ಟು ಕೂರಬೇಕು, ರಾತ್ರಿಯಿಡೀ, ವಾರಗಟ್ಟಲೆ. ಆ ಚಿತ್ರಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದರೆ ಆಗ ಏನೋ ಮೂಡೀತು. ಕ್ಯಾಮೆರಾ ಲ್ಯಾಪ್‌ಟಾಪಿನ ಹೇಳಿಕೆಯಂತೆ ತನ್ನ ಪಾಡಿಗೆ ದುಡಿಯುತ್ತಿತ್ತು, ಲಿಯೋನಿ ಮಲಗುತ್ತಿದ್ದಳು. ತೊಂದರೆ ಒಂದೇ. ಮುಕ್ಕಾಲಿಯ ಕಾಲು ಕರಿಮಣ್ಣಿನಲ್ಲಿ ನಿಲ್ಲುತ್ತಿರಲಿಲ್ಲ. ಬೆಳಗಾಗುವುದರೊಳಗೆ ಹಾಯಿಯನ್ನು ನೋಡುತ್ತಿದ್ದ ದುರ್ಬೀನು ಪಕ್ಕದ ಮನೆಯ ಹೊಗೆಗೂಡು ನೋಡುತ್ತಿತ್ತು.

ಹೊತ್ತೂ ಇರಲಿಲ್ಲ. ಓಣಿಯಾಚೆ ನೆಟ್‌ಬಾಲ್ ಅಂಗಳಕ್ಕೆ ಹೊಸ ದೀಪಗಳು ಬರುವುದಿತ್ತು. ಏಪ್ರಿಲ್‌ನಲ್ಲಿ ಪಂದ್ಯ ಶುರುವಾದ ದಿನ ಅವು ಹೊತ್ತಿದರೆ ಆ ಹಿತ್ತಲಿಗೆ ಕತ್ತಲೆ ಎನ್ನುವುದೇ ಉಳಿಯುವುದಿಲ್ಲ. ತಮಾಷೆಯೆಂದರೆ, ಆ ದೀಪಗಳಿಗಾಗಿ ಎರಡು ಬೇಸಗೆ ಅಂಗಡಿಯ ಮುಂದೆ ನಿಂತು ಸಾಸೇಜು ಸುಟ್ಟು ಮಾರಿದವಳು ಲಿಯೋನಿಯೇ. ಮಗಳು ಬ್ರಾನ್ವಿನ್ ಆ ತಂಡದ ಗೋಲು ಹಾಕುವವಳು.

ಫೆಬ್ರವರಿಯ ಒಂದು ಶನಿವಾರ ಅತ್ತೆ ವಿಲ್ಮಾ ಕೂದಲು ಕತ್ತರಿಸಿಕೊಂಡು ಬಂದು ಹಿತ್ತಲಿಗೆ ಕಾಲಿಟ್ಟರೆ, ನಾಲ್ಕು ತೋಳೂ ಕೋಳಿಗೂಡಿಗೆ ಒರಗಿ ನಿಂತಿದ್ದವು. ಕಂಬದ ನೆತ್ತಿಯಲ್ಲಿ ಕೌನ್ಸಿಲ್ಲಿನ ಹಸಿರು ಕಸದ ಡಬ್ಬಿಯೊಂದು ಬೋರಲು ಕೂತಿತ್ತು.

"ನನ್ನ ಕೊಡೆ ಎಲ್ಲಿ?"

"ವಿಲ್ಮಾ, ಒಳಗೆ ಬನ್ನಿ, ಚಹಾ ಹಾಕಿದೀನಿ," ಅಂದಳು ಲಿಯೋನಿ.

"ಚಹಾ ಆಮೇಲೆ. ಕಂಬದ ಮೇಲೆ ಯಾಕೆ ಕಸದ ಡಬ್ಬಿ ಕೂತಿದೆ?"

"ಅದರೊಳಗೆ ದುರ್ಬೀನು ಇದೆ. ಏಪ್ರಿಲ್ ತನಕ ಅಷ್ಟೇ. ಬಟ್ಟೆ ಚಿಂತೆ ನಿಮಗೆ ಬೇಡ. ನೋಡಿ, ನಿಮಗೇನು ತಂದಿದೀನಿ ಅಂತ."

ನಡುಮನೆಯಲ್ಲಿ, ಮಲಗುವ ಕೋಣೆಗಳ ಬಾಗಿಲ ಪಕ್ಕದಲ್ಲೇ, ಬಟ್ಟೆ ಒಣಗಿಸುವ ಹೊಸ ಯಂತ್ರ ನಿಂತಿತ್ತು. ಬ್ರಾನ್ವಿನ್ ಅದಕ್ಕೊಂದು ಕೆಂಪು ರಿಬ್ಬನ್ನೂ ಕಟ್ಟಿದ್ದಳು. ವಿಲ್ಮಾ ಅದರ ಗುಂಡಿ ಒತ್ತಿದಳು. ಗುಡುಗುಡು ಅಂದು, ನಿಲ್ಲಿಸಿದಾಗ ಅದು ಕೀಂ ಎಂದು ಕೂಗಿಕೊಂಡಿತು.

"ಇದು ಯಾವಾಗ್ಲೂ ಹೀಗೇ ಕೂಗ್ತದಾ?"

"ಮುಗಿದಾಗ ಗೊತ್ತಾಗ್ಲಿ ಅಂತ, ನ್ಯಾನ್," ಅಂದಳು ಬ್ರಾನ್ವಿನ್ ಅಜ್ಜಿಗೆ.

"ಊರಿಗೆಲ್ಲಾ ಗೊತ್ತಾಗ್ಲಿ ಅಂತಲಾ? ಬಟ್ಟೆ ಬೇಯಿಸೋ ಪೆಟ್ಟಿಗೆ ನನಗೆ ಬೇಡ." ಮುದುಕಿ ಅಡುಗೆಮನೆಯ ಕುರ್ಚಿ ಎಳೆದು ಕೂತಳು. "ಕಾರಿನ ಕೀ ತಗೊಂಡ್ರಿ. ಸರಿ, ಕಣ್ಣು ಸಾಲದು ಅಂದ್ರಿ. ಒಂದು ಪಾತ್ರೆ ಸೀದುಹೋಯ್ತು ಅಂತ ಅಡುಗೆಮನೆ ತಗೊಂಡ್ರಿ. ಒಗೆಯೋದೊಂದು ನನ್ನ ಪಾಲಿಗಿತ್ತು. ಇನ್ನು ಬಾಗಿಲು ಕಾಯೋಕೆ ಕೂರಿಸಿ ನನ್ನ. ಆದ್ರೆ ನಿಮ್ಮ ನಾಯಿ ಆ ಕೆಲಸಾನೂ ಬಿಟ್ಟುಕೊಡಲ್ಲ."

ಕೆಲಸ ಮುಗಿಸಿ ಬಂದ ಮಗ ಕ್ಲೈವ್ ಬಾಗಿಲಲ್ಲೇ ನಿಂತ. ಕೌನ್ಸಿಲ್ಲಿನ ರಸ್ತೆ ಸಮ ಮಾಡುವ ಗಾಡಿ ಓಡಿಸುವವನು, ಮನೆಯೊಳಗಿನ ಉಬ್ಬುತಗ್ಗು ಸಮ ಮಾಡುವುದು ಅವನಿಂದ ಎಂದೂ ಆಗಿರಲಿಲ್ಲ.

"ಅಮ್ಮಾ, ಎರಡು ತಿಂಗಳು..."

"ಡಬ್ಬಿ ನೀನು ತಂದುಕೊಟ್ಟಿದ್ದು ತಾನೆ?"

"ಹಳೇದು, ಅಮ್ಮ. ಚಕ್ರ ಮುರಿದಿತ್ತು."

"ಮುರಿದಿದ್ದು ಚಕ್ರ ಅಲ್ಲ," ಅಂದು ವಿಲ್ಮಾ ಚಹಾ ಕುಡಿದಳು. ಅಡಕತ್ತರಿಯೊಳಗಿನ ಅಡಕೆಯ ಹಾಗೆ ಕ್ಲೈವ್ ಅವರಿಬ್ಬರ ನಡುವೆ ಕೂತು, ಮಟನ್ ಚಾಪ್ಸು ಬರುವ ತನಕ ತಟ್ಟೆಯ ಹೂವಿನ ಚಿತ್ರ ನೋಡಿದ.

ಅಲ್ಲಿಂದ ಶುರುವಾಯಿತು. ವಿಲ್ಮಾ ಯಂತ್ರದ ಹತ್ತಿರ ಸುಳಿಯಲಿಲ್ಲ. ಬೇಲಿಯ ಮೇಲೆ, ಜಗಲಿಯ ಕಟಕಟೆಯ ಮೇಲೆ, ಕ್ಲೈವ್‌ನ ಗಾಡಿಯ ಬಾನೆಟ್ಟಿನ ಮೇಲೆ ಬಟ್ಟೆ ಹರವಿದಳು. ಒಂದು ಸೋಮವಾರ ಶಾಲೆಯ ಬಸ್ಸಿನ ಎಡಗನ್ನಡಿಗೆ ಸಿಕ್ಕಿಸಿದ್ದ ಕ್ಲೈವ್‌ನ ಒಳಚಡ್ಡಿಯನ್ನು ಮೊದಲು ನೋಡಿದ್ದು ಬಸ್ಸಿನ ಮಕ್ಕಳು. ಆ ವಾರವಿಡೀ ರಸ್ತೆ ಕೆಲಸದವರು ಕ್ಲೈವ್‌ಗೆ ನಿಂತು ಸಲಾಮು ಹೊಡೆದರು.

"ಬಾವುಟ ಚೆನ್ನಾಗಿತ್ತಂತೆ," ಅಂದ ಅವನು ರಾತ್ರಿ ಊಟಕ್ಕೆ ಕೂತು.

"ಕಂಬ ಕೊಟ್ಟಿದ್ರೆ ಕಂಬದ ಮೇಲೇ ಹಾರಿಸ್ತಿದ್ದೆ," ಅಂದಳು ತಾಯಿ.

ಆದರೆ ಲಿಯೋನಿಗೆ ಜಗಳದ ಕಡೆ ಅರ್ಧ ಕಿವಿ ಮಾತ್ರ. ಮೊದಲ ವಾರದ ಚಿತ್ರಗಳು ಬಂದಿದ್ದವು. ಟೋಸ್ಟಿಗೆ ಜಾಮು ಸವರುತ್ತ ಲ್ಯಾಪ್‌ಟಾಪ್ ತೆರೆದರೆ, ನಕ್ಷತ್ರಗಳು ಸೂಜಿಯ ಮೊನೆ. ಕೀತನ ಕಂಬ ಕಂಬವೇ. ಚಿತ್ರಗಳನ್ನು ಪೇರಿಸಿದಾಗ ಕಪ್ಪಿನೊಳಗೆ ಕಂಡೂ ಕಾಣದ ಹಾಗೆ ಒಂದು ಕೆಂಪು ಎಳೆ ಮೂಡಿತು.

"ಎಲ್ಲಿ?" ಬ್ರಾನ್ವಿನ್ ಮೂಗು ತಾಗಿಸಿ ನೋಡಿದಳು.

"ಇಲ್ಲಿ. ಇನ್ನೂ ಸುಮಾರು ರಾತ್ರಿ ಬೇಕು, ಆಗ ತಾನಾಗಿ ಕಾಣ್ತದೆ."

"ಅಮ್ಮ, ಅದು ಜಾಮು. ನೀನು ಪರದೆ ಮೇಲೆ ಜಾಮು ಬೀಳಿಸಿದೀಯ."

ಮಾರ್ಚಿಗೆ ಬಂದಾಗ ಕೆಡುಕು ಶುರುವಾಯಿತು. ರಾತ್ರಿಯ ಮೊದಲ ಅರ್ಧದ ಚಿತ್ರಗಳು ಸರಿ. ಎರಡು ಗಂಟೆಯ ಮೇಲೆ ತೆಗೆದವುಗಳಲ್ಲಿ ನಕ್ಷತ್ರಗಳೆಲ್ಲ ಅಕ್ಕಿಹುಳದ ಹಾಗೆ ಉದ್ದ. ಒಂದು ದಿನ ಇಲ್ಲ, ಮರುದಿನ ಇದೆ. ಗಾಳಿ ಅಂದುಕೊಂಡಳು, ಗಾಳಿಯೇ ಇರಲಿಲ್ಲ. ನಾಯಿ ಅಂದುಕೊಂಡು ಅದನ್ನು ಒಳಗೆ ಮಲಗಿಸಿದಳು. ಹುಳ ಹೋಗಲಿಲ್ಲ, ಸೋಫಾ ಹೋಯಿತು. ಒಂದೊಂದು ರಾತ್ರಿಯೂ ಅವಳಿಗೆ ಲೆಕ್ಕದ್ದು, ಅರ್ಧರ್ಧ ರಾತ್ರಿ ಕಸಕ್ಕೆ ಹೋಗುತ್ತಿತ್ತು.

ಬಸ್ಸಿನಲ್ಲೂ ಏನೋ ವಿಚಿತ್ರ. "ಮಿಸ್, ನಿಮ್ಮ ಬಸ್ಸು ಸೋಪಿನ ವಾಸನೆ ಹೊಡೀತದೆ," ಅಂದಳು ಹಿಂದಿನ ಸೀಟಿನ ಒಬ್ಬಳು. ಇನ್ನೊಬ್ಬ ಇಳಿಯುವಾಗ ಮರದ ಕ್ಲಿಪ್ಪೊಂದನ್ನು ಅವಳ ಕೈಗಿಟ್ಟ: "ಸೀಟಿನ ಕೆಳಗಿತ್ತು." ಲಿಯೋನಿ ಅದನ್ನು ಚಿಲ್ಲರೆ ಡಬ್ಬಿಗೆ ಹಾಕಿ ಮರೆತಳು.

ಭಾನುವಾರ ಮಧ್ಯಾಹ್ನ ಗುಟ್ಟು ಸಿಕ್ಕಿತು. ಡಬ್ಬಿ ತೆಗೆದು ಬೋಲ್ಟು ಬಿಗಿ ಮಾಡುತ್ತ, ಚಹಾದ ಕಪ್ಪನ್ನು ಕಂಬದ ನೆತ್ತಿಯ ತಟ್ಟೆಯ ಮೇಲಿಟ್ಟಿದ್ದಳು. ಹಿತ್ತಲ ಮೂಲೆಯ ಒಗೆಯುವ ಕೋಣೆಯಲ್ಲಿ ಬ್ರಾನ್ವಿನ್‌ಳ ಆಟದ ಬಟ್ಟೆ ತಿರುಗುತ್ತಿತ್ತು. ಯಂತ್ರ ಹಿಂಡಲು ಶುರುಮಾಡಿದ್ದೇ ತಡ, ಚಹಾದ ಮೇಲೆ ಸಣ್ಣ ಸಣ್ಣ ಉಂಗುರಗಳು ಎದ್ದವು. ಹಿಂಡುವುದು ನಿಂತಿತು, ಉಂಗುರಗಳೂ ನಿಂತವು.

"ಕ್ಲೈವ್! ಆ ಕೋಣೆ ನೆಲಕ್ಕೂ ಈ ಕಂಬಕ್ಕೂ ಏನು ಸಂಬಂಧ?"

"ಎರಡೂ ಒಂದೇ ಎರಕ," ಅಂದ ಕ್ಲೈವ್ ಕೋಳಿಗೆ ನೀರು ಹಾಕುತ್ತ. "ಅಪ್ಪ ಕಾಂಕ್ರೀಟು ಜಾಸ್ತಿ ಕಲಸಿಬಿಟ್ಟಿದ್ದ. ಉಳಿಸೋದು ಯಾಕೆ ಅಂತ ನೆಲದಿಂದ ಕಂಬದ ತನಕ ಒಂದೇ ಸಮ ಸುರಿದ. ಅದಕ್ಕೇ ಇಷ್ಟು ಗಟ್ಟಿ."

ಅಂದರೆ ರಾತ್ರಿ ಎರಡು ಗಂಟೆಯ ಹೊತ್ತಿಗೆ ಯಾರೋ ಬಟ್ಟೆ ಒಗೆಯುತ್ತಿದ್ದಾರೆ. ಯಾರೋ ಏನು ಬಂತು? ಮನೆಯಲ್ಲಿ ಒಗೆಯುವವರು ಒಬ್ಬರೇ.

ಆ ಸಂಜೆ ಕುಂಬಳಕಾಯಿಯನ್ನೂ ಕುರಿಮಾಂಸವನ್ನೂ ಬಡಿಸುವ ಮೊದಲೇ ಲಿಯೋನಿಯ ನಾಲಿಗೆ ಜಾರಿತು.

"ನಡುರಾತ್ರಿ ಮೆಷಿನ್ ಹಾಕ್ತೀರಾ, ವಿಲ್ಮಾ?"

ಮುದುಕಿಯ ಫೋರ್ಕು ನಿಂತಿತು. "ಹಾಕಿದ್ರೆ?"

"ಅದರಿಂದ ಕಂಬ ನಡುಗಿ ನನ್ನ ಚಿತ್ರ ಕೆಡ್ತಿದೆ. ಮೂರು ವಾರದಿಂದ ಕೆಡ್ತಿದೆ! ಹಗಲೆಲ್ಲ ಹೊತ್ತಿಲ್ವಾ ನಿಮಗೆ?"

"ನನ್ನ ಮನೆ ಮೆಷಿನ್ನು, ನನಗೆ ಬೇಕಾದಾಗ ಹಾಕ್ತೀನಿ."

"ಬೇಕಂತ್ಲೇ ಮಾಡ್ತಿದೀರಾ?"

ವಿಲ್ಮಾ ಕ್ಲೈವ್‌ನ ಮುಖ ನೋಡಿದಳು, ಬ್ರಾನ್ವಿನ್‌ಳ ಮುಖ ನೋಡಿದಳು. ಕುತ್ತಿಗೆಯಿಂದ ಕಿವಿಯ ತನಕ ಕೆಂಪೇರಿತು.

"ಹೌದು," ಅಂದಳು. "ಬೇಕಂತ್ಲೇ."

"ಅಮ್ಮಾ!" ಅಂದ ಕ್ಲೈವ್.

"ಏನಮ್ಮಾ? ನನ್ನ ಕೊಡೆ ಕಿತ್ತವಳ ಚಿತ್ರ ಕೆಡಿಸಿದೆ. ಲೆಕ್ಕ ಚುಕ್ತಾ." ತಟ್ಟೆ ತಳ್ಳಿ ಎದ್ದು ಹೋದಳು. ಆ ರಾತ್ರಿ ಕುರಿಮಾಂಸವೆಲ್ಲ ನಾಯಿಯ ಪಾಲಾಯಿತು.

ಕ್ಲೈವ್ ಪಾತ್ರೆ ಒರೆಸುತ್ತ, "ನಮ್ಮಮ್ಮ ಬಾಯಿ ಜೋರು. ಆದ್ರೆ ಕದ್ದು ಕೆಡಿಸೋ ಪೈಕಿ ಅಲ್ಲ," ಅಂದ.

"ಅವರೇ ಒಪ್ಕೊಂಡ್ರಲ್ಲ."

"ಅದೇ ನನಗೆ ಅರ್ಥ ಆಗ್ತಿಲ್ಲ. ಐವತ್ತು ವರ್ಷದಲ್ಲಿ ಅವಳು ತಪ್ಪು ಒಪ್ಕೊಂಡಿದ್ದು ಇದೇ ಮೊದಲು."

ಮರುದಿನ ಬಸ್ಸು ಹತ್ತಿದ ಲಿಯೋನಿಯ ಮೂಗಿಗೆ ಸೋಪಿನ ವಾಸನೆ ತಾನಾಗಿ ಬಡಿಯಿತು. ಹಿಂದಕ್ಕೆ ಹೋಗಿ ಕೊನೆಯ ಸೀಟಿನ ಬೆನ್ನು ಮುಟ್ಟಿದಳು. ತಣ್ಣಗೆ, ಒದ್ದೆ. ಕಿಟಕಿಯ ಸರಳಿನಲ್ಲಿ ಎರಡು ಮರದ ಕ್ಲಿಪ್ಪು ಸಿಕ್ಕಿಕೊಂಡೇ ಇದ್ದವು. ಇವತ್ತು ಅವಸರದಲ್ಲಿ ತೆಗೆಯಲು ಮರೆತದ್ದು. ಸೀಟಿಂದ ಸೀಟಿಗೆ ಹರವಿದರೆ ಅಷ್ಟಗಲಕ್ಕೆ ಏನು ಹಿಡಿದೀತು? ಹಾಸಿಗೆಯ ಹೊದಿಕೆ. ಮಂಚದ ಮೇಲೆ ಹಾಸುವುದು.

ಲಿಯೋನಿ ಸೀಟಿನ ತೋಳಿನ ಮೇಲೆ ಕೂತಳು. ಹಗೆಗೆ ಒಗೆಯುವವಳು ಕದ್ದು ಒಣಗಿಸುವುದಿಲ್ಲ. ಜನವರಿಯ ಬೇಸಗೆಯಲ್ಲಿ ವಿಲ್ಮಾಳ ಬಿಳಿ ಹೊದಿಕೆ ದಿನ ಬಿಟ್ಟು ದಿನ ಕಂಬದ ಮೇಲೆ ತಿರುಗುತ್ತಿದ್ದದ್ದು ನೆನಪಾಯಿತು. ಕತ್ತಲಲ್ಲಿ ಹಾಕಿದ್ದು ಬಿಸಿಗಾಳಿಗೆ ಬೆಳಗಾಗುವುದರೊಳಗೆ ಒಣಗಿ, ಉಳಿದ ಬಟ್ಟೆಗಳ ನಡುವೆ ಸೇರಿಹೋಗುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ. ಆಮೇಲೆ ಸೊಸೆ ಕಂಬ ಕಿತ್ತುಕೊಂಡು, ಮುಗಿದಾಗ ಮನೆಯವರೆಲ್ಲ ಏಳುವಂತೆ ಕೂಗುವ ಯಂತ್ರವೊಂದನ್ನು ಮಲಗುವ ಕೋಣೆಗಳ ಪಕ್ಕದಲ್ಲಿ ತಂದಿಟ್ಟಳು. ಅದಕ್ಕೆ ರಿಬ್ಬನ್ನು ಬೇರೆ. ಮೊದಮೊದಲು ಮುದುಕಿ ಒದ್ದೆ ಹೊದಿಕೆಯನ್ನು ಒಗೆಯದೆ ಬಚ್ಚಿಟ್ಟಿರಬೇಕು, ಮಾರ್ಚಿನಲ್ಲಿ ಬಸ್ಸು ಹೊಳೆದ ಮೇಲೆ ರಾತ್ರಿಯ ಒಗೆತ ಮತ್ತೆ ಶುರುವಾಗಿರಬೇಕು.

ಮಧ್ಯಾಹ್ನ ಮಕ್ಕಳನ್ನು ಇಳಿಸಿ ಬಂದವಳೇ ದುರ್ಬೀನು ಬಿಚ್ಚಿ ಒಳಗಿಟ್ಟಳು. ಕ್ಲೈವ್ ಬಂದ ಮೇಲೆ ಇಬ್ಬರೂ ಸೇರಿ ತೋಳುಗಳನ್ನೆತ್ತಿ ಕಂಬದ ಮೇಲೆ ಕೂರಿಸಿದರು. ಯಾಕೆ ಅಂತ ಅವನು ಕೇಳಿದ. ಆಮೇಲೆ ಹೇಳ್ತೀನಿ ಅಂದಳು. ವಿಲ್ಮಾ ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದವಳು ಕೊನೆಗೆ ಹೊರಗೆ ಬಂದಳು. ಕ್ಲೈವ್ ಕೈ ತೊಳೆಯಲು ಒಳಗೆ ಹೋದ.

"ಏನಿದು? ಚಿತ್ರ ಮುಗೀತಾ?"

"ಇಲ್ಲ."

"ಮತ್ತೆ?"

"ಬಟ್ಟೆ ಒಣಗ್ಬೇಕಲ್ಲ." ಲಿಯೋನಿ ಜೇಬಿನಿಂದ ಎರಡು ಕ್ಲಿಪ್ಪು ತೆಗೆದು ತಂತಿಗೆ ಸಿಕ್ಕಿಸಿದಳು. ವಿಲ್ಮಾ ಅವನ್ನೇ ನೋಡಿದಳು.

"ಬ್ರಾನ್ ಹುಟ್ಟಿದಾಗ ನೆನಪಿದೆಯಾ?" ಲಿಯೋನಿ ತಂತಿ ಒರೆಸುತ್ತ ಅಂದಳು. "ಆಮೇಲೆ ಒಂದು ವರ್ಷ ನನಗೆ ಉಚ್ಚೆ ಹಿಡಿದುಕೊಳ್ಳೋಕೇ ಆಗ್ತಿರ್ಲಿಲ್ಲ. ಇವತ್ತಿಗೂ ಬಸ್ಸಲ್ಲಿ ಸೀನು ಬಂತು ಅಂದ್ರೆ ಮೊದಲು ಕಾಲು ಹೆಣೀತೀನಿ, ಆಮೇಲೆ ಬ್ರೇಕು ಹುಡುಕ್ತೀನಿ."

ವಿಲ್ಮಾಳ ಬಾಯಿಯ ಒಂದು ಮೂಲೆ ಅಲುಗಿತು. "ಮಕ್ಕಳನ್ನ ಕೂರಿಸ್ಕೊಂಡಾ?"

"ಇಡೀ ಶಾಲೇನ ಕೂರಿಸ್ಕೊಂಡು."

"ದೇವ್ರೇ!" ಮುದುಕಿ ನಗಲು ಶುರು ಮಾಡಿದಳು. ನಕ್ಕು ನಕ್ಕು ಕಂಬ ಹಿಡಿದುಕೊಂಡಳು. ಕಣ್ಣಲ್ಲಿ ನೀರು ಬಂತು. ಅದನ್ನು ಏಪ್ರನ್ನಿನಿಂದ ಒರೆಸಿಕೊಂಡ ಮೇಲೂ ಬಂತು. "ಕ್ರಿಸ್‌ಮಸ್‌ನಿಂದ, ಕಣೇ. ಇದೂ ಗೊತ್ತಾದ್ರೆ ನನ್ನ ಯಾವುದಾದ್ರೂ ಮುದುಕರ ಹೋಮಿಗೆ ಸೇರಿಸ್ತೀರಿ ಅಂದ್ಕೊಂಡೆ. ಕಾರಾಯ್ತು, ಒಲೆಯಾಯ್ತು, ಇನ್ನು..."

"ಹೋಮಲ್ಲಿ ನಿಮ್ಮನ್ನ ಎರಡು ದಿನ ಇಟ್ಕೊಳ್ಳಲ್ಲ. ಮೂರನೇ ದಿನಕ್ಕೆ ವಾಪಸ್ಸು ಕಳಿಸ್ತಾರೆ, ಬಸ್ ಚಾರ್ಜು ಅವರೇ ಕೊಟ್ಟು."

ಗುರುವಾರ ಇಬ್ಬರೂ ಹತ್ತಿರದ ಪೇಟೆ ಕೂನಾಂಬಲ್‌ನ ಕ್ಲಿನಿಕ್ಕಿಗೆ ಹೋಗಿಬಂದರು. ಅಲ್ಲಿಯ ನರ್ಸಮ್ಮ ವಿಲ್ಮಾಗಿಂತ ಜೋರು. ಮೂತ್ರದ ಸೋಂಕು, ಇಷ್ಟು ದಿನ ಬಚ್ಚಿಟ್ಟದ್ದಕ್ಕೆ ಬೈಗುಳ, ಒಂದು ಡಬ್ಬಿ ಮಾತ್ರೆ, ಮಲಗುವ ಮುಂಚಿನ ಮೂರು ಕಪ್ಪು ಚಹಾಕ್ಕೆ ಕತ್ತರಿ. ವಾಪಸ್ಸು ಬರುವಾಗ ವಿಲ್ಮಾ ಹೇಳಿದ್ದು ಒಂದೇ ಮಾತು: "ಮಾತ್ರೆ ಕಹಿ ಇದ್ರೂ ಪರವಾಗಿಲ್ಲ, ಚಹಾ ಮೇಲೆ ಕೈ ಹಾಕಬಾರ್ದಿತ್ತು."

ವಾರ ಕಳೆಯುವುದರೊಳಗೆ ರಾತ್ರಿಯ ಒಗೆತ ನಿಂತಿತು. ಒಂದು ಬೆಳಿಗ್ಗೆ ವಿಲ್ಮಾ ಗಂಜಿಯ ಬಟ್ಟಲು ಕೆಳಗಿಟ್ಟು ಕೇಳಿದಳು:

"ಕ್ಲೈವ್, ನಿಮ್ಮ ಕೌನ್ಸಿಲ್ ಶೆಡ್ಡಲ್ಲಿ ವೆಲ್ಡಿಂಗ್ ಇದೆ ತಾನೆ? ಆ ದುರ್ಬೀನು ಕೂರೋಕೆ ಕಂಬದ ನೆತ್ತಿಗೆ ಒಂದು ಕಬ್ಬಿಣದ ಟೋಪಿ ಮಾಡು. ಹಗಲು ಕೊಡೆ ಕೂರ್ಲಿ, ಸಂಜೆ ಕೊಡೆ ತೆಗೆದು ಟೋಪಿ ಕೂರ್ಲಿ. ದಿನಾ ಒಂದೇ ಕಡೆ ಮುಖ ಮಾಡ್ಕೊಂಡು ಕೂರೋ ಹಾಗೆ ಅದಕ್ಕೊಂದು ಕಚ್ಚು ಹೊಡಿ. ಇಷ್ಟು ಸಣ್ಣ ವಿಷಯ ನಿಮಗೆ ಯಾರಿಗೂ ಹೊಳೀಲಿಲ್ವಾ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಹೊಳೆದಿರಲಿಲ್ಲ.

ಟೋಪಿ ಬಂತು. ಕಳೆದುಹೋದ ರಾತ್ರಿಗಳು ಹೋದದ್ದೇ, ಆದರೂ ದೀಪ ಹೊತ್ತುವುದಕ್ಕೆ ಇನ್ನೊಂದಿಷ್ಟು ದಿನವಿತ್ತು. ನಕ್ಷತ್ರಗಳು ಮತ್ತೆ ಸೂಜಿಮೊನೆಯಾದವು. ಅಷ್ಟರಲ್ಲಿ ಒಂದು ಸಂಜೆ, ಹೇಳದೆ ಕೇಳದೆ, ಓಣಿಯಾಚೆ ಭಗ್ಗೆಂದು ಬೆಳಕು. ದೀಪದವರು ಪರೀಕ್ಷೆಗೆ ಹಚ್ಚಿದ್ದರು. ಪಂದ್ಯದ ತನಕ ದಿನಾ ಹಚ್ಚುತ್ತಾರಂತೆ. ಹಿತ್ತಲು ಹಾಲು ಚೆಲ್ಲಿದ ಹಾಗೆ ಬೆಳಗಿತು. ಕೋಳಿಗಳು ಬೆಳಗಾಯಿತೆಂದು ಗೂಡಿನಿಂದ ಹೊರಬಂದವು. ಲಿಯೋನಿ ಲ್ಯಾಪ್‌ಟಾಪ್ ಮಡಚಿದಳು.

"ಆಯ್ತು. ಇನ್ನು ನಾಲ್ಕೈದು ರಾತ್ರಿ ಸಿಕ್ಕಿದ್ರೆ ಸಾಕಿತ್ತು."

"ನಾನು ಗೋಲು ಹಾಕೋದು ಬಿಡ್ಲಾ, ಅಮ್ಮ?" ಬ್ರಾನ್ವಿನ್ ಮೆಲ್ಲಗೆ ಕೇಳಿದಳು.

"ಹುಚ್ಚಿ! ಆ ದೀಪಕ್ಕೆ ನಾನೆಷ್ಟು ಸಾಸೇಜು ಸುಟ್ಟಿದೀನಿ ಗೊತ್ತಾ?"

ವಿಲ್ಮಾ ಬಾಗಿಲಲ್ಲಿ ನಿಂತು ಅಂಗೈ ಹುಬ್ಬಿಗೆ ಹಿಡಿದು ನೋಡಿದಳು. "ಬೆಳಕು ನಿನ್ನ ಆಕಾಶದಿಂದ ಬರ್ತಿಲ್ಲವಲ್ಲ, ಬೇಲಿ ಮೇಲಿಂದ ತಾನೆ? ಕೆಂಪು ಗಾಜು ಒಂದು ಹಾಕ್ತೀಯಲ್ಲ ಕ್ಯಾಮೆರಾಕ್ಕೆ, ಅದು ಏನು ಮಾಡ್ತದೆ?"

"ಆ ಗಾಜು ಮೇಲಿನ ಬೆಳಕು ಸುಮಾರು ತಡೀತದೆ. ಆದ್ರೆ ಇದು ನೇರವಾಗಿ ದುರ್ಬೀನಿನ ಬಾಯಿಗೇ ಹೊಡೀತಿದೆ."

"ಹಂಗಾದ್ರೆ ಬಸ್ಸು ತಂದು ಬೇಲಿಗೆ ಅಡ್ಡ ನಿಲ್ಲಿಸು. ಕ್ಲೈವ್, ಹಗ್ಗ. ಬ್ರಾನ್, ಕುರಿ ಉಣ್ಣೆ ಕತ್ತರಿಸೋರು ಬಿಟ್ಟುಹೋದ ಬೂದು ಕಂಬಳಿಗಳು ಪೆಟ್ಟಿಗೇಲಿವೆ, ಎಲ್ಲಾ ಹೊತ್ಕೊಂಡು ಬಾ."

ಬಸ್ಸಿನ ಕನ್ನಡಿಯಿಂದ ಒಗೆಯುವ ಕೋಣೆಯ ಸೂರಿಗೆ ಹಗ್ಗ ಬಿಗಿಯಾಯಿತು. ಲಿಯೋನಿ ಕಂಬಳಿ ಎತ್ತಿ ಹಾಕಲು ಹೋದಳು.

"ಬಿಡು ಅತ್ತ. ಒಂದೇ ಕ್ಲಿಪ್ಪಿಗೆ ಎರಡು ಕಂಬಳಿಯ ಅಂಚು ಸೇರಿಸ್ಬೇಕು, ಸಂದಿ ಬಿಡಬಾರ್ದು. ಆಕಾಶ ನೀನು ನೋಡ್ಕೋ. ಬಟ್ಟೆ ಹಾಕೋದು ನನಗೆ ಬಿಡು." ಬಾಯಲ್ಲಿ ನಾಲ್ಕು ಕ್ಲಿಪ್ಪು ಕಚ್ಚಿಕೊಂಡು ವಿಲ್ಮಾ ಹಗ್ಗದುದ್ದಕ್ಕೂ ನಡೆದಳು. ಅವಳು ನಡೆದಂತೆ ಅವಳ ಹಿಂದೆ ಹಿತ್ತಲು ಕತ್ತಲಾಗುತ್ತ ಬಂತು. ಕೋಳಿಗಳು ಒಂದೊಂದಾಗಿ ಗೂಡಿಗೆ ಹಿಂತಿರುಗಿದವು.

ಪಂದ್ಯದ ಹಿಂದಿನ ರಾತ್ರಿಯವರೆಗೂ ಕಂಬಳಿಯ ಗೋಡೆ ನಿಂತಿತ್ತು. ಪಂದ್ಯದ ದಿನ ಊರೆಲ್ಲ ಹಗಲಾಯಿತು, ಬ್ರಾನ್ವಿನ್ ಹದಿನಾಲ್ಕು ಗೋಲು ಹಾಕಿದಳು, ಲಿಯೋನಿ ಗಂಟಲು ಹರಿಯುವ ಹಾಗೆ ಕೂಗಿದಳು. ಮರುದಿನ ಊಟ ಮುಗಿದ ಮೇಲೆ ಮೇಜಿನ ಮೇಲಿನ ಗ್ರೇವಿ ಸರಿಸಿ ಲ್ಯಾಪ್‌ಟಾಪ್ ಇಟ್ಟು, ಎಲ್ಲ ಚಿತ್ರಗಳನ್ನೂ ಪೇರಿಸಿದಳು. ಕಪ್ಪಿನ ಮೇಲೆ ಕೆಂಪು ನೂಲುಗಳು ಮೂಡಿದವು. ತೆಳುವಾಗಿ, ಮಡಿಕೆ ಮಡಿಕೆಯಾಗಿ, ಪರದೆಯ ಈ ಅಂಚಿನಿಂದ ಆ ಅಂಚಿಗೆ.

ಯಾರೂ ಜಾಮು ಅನ್ನಲಿಲ್ಲ.

ವಿಲ್ಮಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. "ಒಳ್ಳೇ ಲೇಸಿನ ಪರದೆ. ಯಾರೋ ಕ್ಲಿಪ್ಪು ಹಾಕ್ದೆ ಗಾಳಿಗೆ ಬಿಟ್ಟಿದಾರೆ," ಅಂದಳು.

ಕೂನಾಂಬಲ್‌ನ ಅಂಗಡಿಯಲ್ಲಿ ಲಿಯೋನಿ ಆ ಚಿತ್ರವನ್ನು ಪಾತ್ರೆ ಒರೆಸುವ ದೊಡ್ಡ ಬಟ್ಟೆಯೊಂದರ ಮೇಲೆ ಅಚ್ಚು ಹಾಕಿಸಿ ತಂದಳು. ವಿಲ್ಮಾ ಕೈಗೆ ತೆಗೆದುಕೊಂಡು ಅಂಚಿನ ಹೊಲಿಗೆ ಎಳೆದು ನೋಡಿದಳು, ಸರಿಯಿದೆ ಅಂದಳು. ಪಾತ್ರೆ ಒರೆಸಲು ಮಾತ್ರ ಯಾರಿಗೂ ಕೊಡಲಿಲ್ಲ. ಆದರೆ ಹೊಸ ಬಟ್ಟೆಯನ್ನು ಒಗೆಯದೆ ಮನೆಯಲ್ಲಿಡುವ ರೂಢಿ ಅವಳದಲ್ಲ.

ಸೋಮವಾರ ಬೆಳಿಗ್ಗೆ ಲಿಯೋನಿ ಬಸ್ಸು ಹೊರಡಿಸುವಾಗ ಬೇಲಿಯ ಮೇಲಿಂದ ಹಿತ್ತಲು ಕಂಡಿತು. ಹಾಡು ಹಗಲು. ವಿಲ್ಮಾಳ ಎರಡು ಬಿಳಿ ಹೊದಿಕೆಗಳು, ಊರು ನೋಡಿದರೆ ನೋಡಲಿ ಎಂಬಂತೆ, ಗಾಳಿ ತುಂಬಿಕೊಂಡು ತಿರುಗುತ್ತಿದ್ದವು. ಅವುಗಳ ನಡುವೆ, ಎರಡೂ ಮೂಲೆಗೆ ಬಿಗಿಯಾಗಿ ಕ್ಲಿಪ್ಪು ಹಾಕಿಸಿಕೊಂಡು, ಸಿಡಿದ ನಕ್ಷತ್ರ ಒಣಗುತ್ತಿತ್ತು.